ಉಸಿರಿನ ಔಷಧ: ಭಯವೂ ಬೇಡ, ಅಲಕ್ಷ್ಯವೂ ಬೇಡ

(ಕೆಂಪಾಪುರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹೆಬ್ಬಾಳದ ವಾಹನ ದಟ್ಟಣೆಯ ಹೊಗೆ ಕೆಂಪಾಪುರದ ನಿವಾಸಿಗಳಾದ ನಮಗೆ ಹೊಸದಲ್ಲ. ಬೀಡಿ-ಸಿಗರೇಟು, ಸೌದೆ ಒಲೆ ಹಾಗೂ ಮಲಿನ ಗಾಳಿಯ ಹೊಗೆ ವರ್ಷಾನುಗಟ್ಟಲೆ ಶ್ವಾಸಕೋಶವನ್ನು ಸೇರಿದಾಗ ಬರುವ ಕಾಯಿಲೆಯನ್ನು ವೈದ್ಯರು ಸಿಒಪಿಡಿ ಎನ್ನುತ್ತಾರೆ. 2016ರ ಅಂದಾಜಿನಂತೆ ಭಾರತದಲ್ಲಿ ಸುಮಾರು 5.5 ಕೋಟಿ ಮಂದಿ ಇದರಿಂದ ಬಳಲುತ್ತಿದ್ದರು.

ಇವರಲ್ಲಿ ಅನೇಕರಿಗೆ ಸ್ಟಿರಾಯ್ಡ್ ಬೆರೆತ ಇನ್‌ಹೇಲರ್ ನೀಡಲಾಗುತ್ತದೆ. ಈ ವಿಷಯದಲ್ಲಿ ನಮ್ಮಲ್ಲಿ ಎರಡು ಅತಿರೇಕಗಳಿವೆ. ಸ್ಟಿರಾಯ್ಡ್ ಎಂಬ ಹೆಸರಿಗೇ ಬೆದರಿ ಔಷಧ ತೊರೆಯುವವರು ಕೆಲವರು. ಹಳೆಯ ಚೀಟಿ ಹಿಡಿದು, ಮರುತಪಾಸಣೆಯಿಲ್ಲದೆ ಮೆಡಿಕಲ್ ಅಂಗಡಿಯಿಂದ ಕೊಳ್ಳುತ್ತಲೇ ಇರುವವರು ಇನ್ನು ಕೆಲವರು.

ಭಯಕ್ಕೆ ಆಧಾರವೇ ಇಲ್ಲವೆಂದು ನಾವು ಹೇಳಲಾರೆವು. 2007ರಲ್ಲಿ ಪ್ರಕಟವಾದ 'ಟಾರ್ಚ್' ಅಧ್ಯಯನವು 6,000ಕ್ಕೂ ಹೆಚ್ಚು ಸಿಒಪಿಡಿ ರೋಗಿಗಳನ್ನು 3 ವರ್ಷ ಪರಿಶೀಲಿಸಿತು. ಸ್ಟಿರಾಯ್ಡ್ ಮತ್ತು ಶ್ವಾಸನಾಳ ಹಿಗ್ಗಿಸುವ ಔಷಧವನ್ನು ಒಟ್ಟಾಗಿ ಪಡೆದವರಲ್ಲಿ ನ್ಯುಮೋನಿಯದ ಸಂಭವ ಶೇ. 19.6, ಔಷಧವಿಲ್ಲದ ಇನ್‌ಹೇಲರ್ ಪಡೆದವರಲ್ಲಿ ಶೇ. 12.3. ವೈರಸ್ ಆಕ್ರಮಿಸಿದಾಗ ಶರೀರವು ಇಂಟರ್‌ಫೆರಾನ್ ಎಂಬ ರಕ್ಷಕ ಪ್ರೋಟೀನನ್ನು ಉತ್ಪಾದಿಸುತ್ತದೆ. ಸ್ಟಿರಾಯ್ಡ್ ಉರಿಯೂತವನ್ನು ತಗ್ಗಿಸುವಾಗ ಈ ರಕ್ಷಣೆಯನ್ನೂ ಕುಗ್ಗಿಸಬಲ್ಲುದೆಂದು 2018ರ ಸಂಶೋಧನೆಯೊಂದು ತೋರಿಸಿತು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಟಾರ್ಚ್ ಅಧ್ಯಯನದಲ್ಲಿಯೇ, ಆ ಸಂಯುಕ್ತ ಔಷಧ ಪಡೆದವರಲ್ಲಿ ರೋಗ ಉಲ್ಬಣಿಸುವ ಪ್ರಸಂಗಗಳು ಶೇ. 25ರಷ್ಟು ಕಡಿಮೆಯಾಗಿದ್ದವು. 2021ರಲ್ಲಿ ಆಕ್ಸ್‌ಫರ್ಡ್ ನೇತೃತ್ವದ ಪರೀಕ್ಷೆಯಲ್ಲಿ ಬುಡೆಸೊನೈಡ್ ಎಂಬ ಇದೇ ವರ್ಗದ ಔಷಧವನ್ನು ಸೇದಿದ ಹಿರಿಯ ಕೋವಿಡ್ ರೋಗಿಗಳು ಸುಮಾರು 3 ದಿನ ಮುಂಚಿತವಾಗಿ ಚೇತರಿಸಿಕೊಂಡರು.

ಆದ್ದರಿಂದ ಕೇಳಬೇಕಾದ ಪ್ರಶ್ನೆ, 'ಈ ಔಷಧ ಒಳ್ಳೆಯದೋ ಕೆಟ್ಟದೋ' ಎಂಬುದಲ್ಲ, 'ಇದು ನನಗೆ ಅಗತ್ಯವೋ' ಎಂಬುದು. ರೋಗ ಮರಮರಳಿ ಉಲ್ಬಣಿಸುವವರಿಗೆ, ರಕ್ತದಲ್ಲಿ ಇಯೊಸಿನೊಫಿಲ್ ಕಣಗಳು 300 ಮೀರಿದವರಿಗೆ ಇದರ ಪ್ರಯೋಜನ ಅಧಿಕ. 100ಕ್ಕಿಂತ ಕಡಿಮೆ ಇರುವವರಿಗೆ ಅತ್ಯಲ್ಪ. ಇದನ್ನು ತೀರ್ಮಾನಿಸಬೇಕಾದವರು ವೈದ್ಯರೇ ಹೊರತು ನೆರೆಮನೆಯವರಲ್ಲ. ಅಸ್ತಮಾ ರೋಗಿಗಳಿಗಂತೂ ಇದೇ ಪ್ರಧಾನ ಚಿಕಿತ್ಸೆ. ಅವರು ಸ್ವಇಚ್ಛೆಯಿಂದ ನಿಲ್ಲಿಸುವುದು ಪ್ರಾಣಾಪಾಯ.

ರಮಝಾನ್‌ನಲ್ಲಿ ಇನ್‌ಹೇಲರ್ ಬದಿಗಿಡುವವರಿಗೆ ಒಂದು ಮಾತು. ಅದರಿಂದ ಉಪವಾಸ ಮುರಿಯುವುದೇ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ರೋಗಿಗೆ ಬೇರೆ ದಿನಗಳಲ್ಲಿ ಉಪವಾಸ ಪೂರೈಸುವ ರಿಯಾಯಿತಿಯನ್ನು ಕುರ್‌ಆನ್ ನೀಡಿದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಲ್ಲಾಹನು ನೀಡಿದ ರಿಯಾಯಿತಿಯನ್ನು ತಿರಸ್ಕರಿಸಿ ಉಸಿರುಗಟ್ಟುವುದು ಧರ್ಮನಿಷ್ಠೆಯಲ್ಲ.

ಔಷಧ ಸೇದಿದ ಬಳಿಕ ಬಾಯಿ ಮುಕ್ಕಳಿಸೋಣ. ಫ್ಲೂ ಮತ್ತು ನ್ಯುಮೋನಿಯ ಲಸಿಕೆಗಳ ಕುರಿತು ವೈದ್ಯರಲ್ಲಿ ವಿಚಾರಿಸೋಣ. ಧೂಮಪಾನವನ್ನು ಮನೆಯಿಂದ ಹೊರಗಟ್ಟೋಣ. ಶ್ವಾಸಪರೀಕ್ಷೆ ಮತ್ತು ಇನ್‌ಹೇಲರ್‌ಗಳು ಬಡವರ ಕೈಗೆಟಕುವಂತೆ ಮಾಡುವುದು ಸರಕಾರದ ಹೊಣೆ. ಅದನ್ನು ಕೇಳುವುದು ನಮ್ಮ ಹಕ್ಕು. ಶರೀರವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಅದರ ಬಗ್ಗೆ ನಾಳೆ ನಾವು ಉತ್ತರಿಸಬೇಕಾಗಿದೆ.