ಚೆಂಡುಹೂ
ದಸರೆ, ದೀಪಾವಳಿ ಬಂದರೆ ಬೈಲಹೊಂಗಲ, ಸವದತ್ತಿ ಪೇಟೆಗಳಲ್ಲಿ ಚೆಂಡುಹೂವಿನದೇ ರಾಶಿ. ಟ್ರ್ಯಾಕ್ಟರಿಗೂ ಅಂಗಡಿಯ ತಕ್ಕಡಿಗೂ ಅದರದೇ ಮಾಲೆ. ಇಲ್ಲಿಯದೇ ಎನ್ನಿಸುವ ಈ ಗಿಡದ ತವರು ದೂರದ ಮೆಕ್ಸಿಕೊ. ಒಂದು ಹೂವೆಂದು ಕಾಣುವುದು ನಿಜಕ್ಕೂ ಹಲವು ಕಿರುಹೂಗಳ ಗೊಂಚಲು. ಒಣಗಿದ ಮೇಲೆ ಬಿಡಿಸಿದರೆ ಎಸಳಿನ ಬುಡದಲ್ಲಿ ಸೂಜಿಯಂಥ ಕರಿ ಬೀಜ ಸಿಗುತ್ತದೆ. ನೀರು ನಿಲ್ಲುವ ಎರೆಹೊಲ ಮಾತ್ರ ಇದಕ್ಕೆ ಒಗ್ಗದು.

ಎಲೆಯ ಘಾಟು ಎಲ್ಲರಿಗೂ ಹಿಡಿಸದು. ಆದರೆ ರೈತನಿಗೆ ಹೂವಿಗಿಂತ ಬೇರೇ ದೊಡ್ಡ ಲಾಭ: ಅದರ ಸ್ರಾವ ಮಣ್ಣಿನೊಳಗಿನ ಬೇರುಗಂಟು ಜಂತುಹುಳುಗಳನ್ನು ತಗ್ಗಿಸುತ್ತದೆ. ಟೊಮೆಟೊದ 16 ಸಾಲಿಗೆ 1 ಸಾಲು ಚೆಂಡುಹೂ ಹಾಕಿದರೆ ಕಾಯಿಕೊರಕದ ಪತಂಗ ಮೊಟ್ಟೆಯಿಡಲು ಅದರತ್ತ ತಿರುಗುತ್ತದೆ. ಎಸಳಿನ ಲ್ಯೂಟೀನ್ ಕೋಳಿ ಮೇವಿಗೆ ಸೇರಿ, ಮೊಟ್ಟೆಯ ಹಳದಿ ಭಾಗಕ್ಕೆ ಗಾಢ ಬಣ್ಣ ಕೊಡುತ್ತದೆ.