ಎರಡನೆಯ ಕೂಸಿಗೆ ಮನೆಯೂ ಮನಸ್ಸೂ ಸಿದ್ಧವಾಗಲಿ

(ಕುರಕುಂಟಾದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬಿತ್ತನೆಯ ಮಾತು ಆಡಬೇಕಾದವನು ತೊಟ್ಟಿಲಿನ ಮಾತು ತೆಗೆದನೆಂದು ನಗಬೇಡಿರಿ. ಮನೆಯಲ್ಲಿ ನೆಮ್ಮದಿ ಇದ್ದರೆ ತಾನೆ ಹೊಲದಲ್ಲಿ ಕೈ ಓಡುವುದು?

ಎರಡನೆಯ ಹೆರಿಗೆ ಹತ್ತಿರವಾದರೆ ಬಾಣಂತಿಗೆ ಬೆಲ್ಲ, ಕೊಬ್ಬರಿ ಕೂಡಿಸಿಡುತ್ತೇವೆ. ಆದರೆ ಮೊದಲ ಮಗುವಿನ ಮನಸ್ಸನ್ನು ಮರೆಯುತ್ತೇವೆ. ನಿನ್ನೆಯವರೆಗೆ ಅವ್ವನ ಮಗ್ಗುಲಲ್ಲಿ ಮಲಗಿದ ಮಗು ಇಂದು ಒಮ್ಮೆಲೇ ಹೊರಗಾಗುತ್ತದೆ. ಆಗ ಹಟ ಹಿಡಿಯುತ್ತದೆ, ಮತ್ತೆ ಹಾಸಿಗೆ ಒದ್ದೆ ಮಾಡುತ್ತದೆ, ಕೂಸನ್ನು ಚಿವುಟುತ್ತದೆ. ಇದು ಕೆಟ್ಟತನವಲ್ಲ, ತನ್ನ ಜಾಗ ಹೋಯಿತೆಂಬ ಅಂಜಿಕೆ. ಹೊಡೆದರೆ ಅಂಜಿಕೆ ಹೆಚ್ಚುತ್ತದೆ.

ತೊಗರಿಯ ನಡುವೆ ಹೆಸರು ಬಿತ್ತುವಾಗ ಎರಡಕ್ಕೂ ಜಾಗ ಬಿಡುತ್ತೀರಿ. ಮಕ್ಕಳಿಗೂ ಅಂತರ ಬೇಕು. ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳು ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟರಲ್ಲಿ ತಾಯಿಯ ಮೈ ಸುಧಾರಿಸುತ್ತದೆ, ಮೊದಲ ಮಗುವಿಗೂ ಮಾತು ತಿಳಿಯುತ್ತದೆ.

ಇನ್ನು ಮಾಡಬೇಕಾದುದು:

1. ಕೂಸು ಬರುವ ಸುದ್ದಿಯನ್ನು ಮಗುವಿಗೆ ನೀವೇ ಮೊದಲು ಹೇಳಿರಿ.

2. ಅಜ್ಜಿಯ ಬಳಿ ಮಲಗಿಸುವುದು, ಅಂಗನವಾಡಿಗೆ ಕಳಿಸುವುದು ಹೆರಿಗೆಗೆ ಕೆಲವು ತಿಂಗಳ ಮೊದಲೇ ರೂಢಿಯಾಗಲಿ.

3. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುತ್ತದೆ. ಎರಡನೆಯದು ಅನೇಕ ವೇಳೆ ಗಂಡನ ಮನೆಯಲ್ಲೇ. ಆದ್ದರಿಂದ ತಂದೆಯ ಹೊಣೆ ದೊಡ್ಡದು. ಮೊದಲ ಮಗುವಿಗೆ ಉಣಿಸುವುದು, ಮಲಗಿಸುವುದು ಅಪ್ಪನ ಪಾಲಿಗಿರಲಿ. ಹೆರಿಗೆ ತೊಗರಿ ರಾಶಿಯ ದಿನಗಳಲ್ಲಿ ಬಂದರೆ ಮಗುವನ್ನು ಯಾರು ನೋಡಬೇಕೆಂದು ಮೊದಲೇ ಗೊತ್ತುಮಾಡಿರಿ.

4. ಹೆರಿಗೆಯ ನಂತರ ತಾಯಿಯ ದುಗುಡ ಎರಡು ವಾರ ಕಳೆದರೂ ಇಳಿಯದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ವೈದ್ಯರಿಗೆ ತೋರಿಸಿರಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಮೊದಲನೆಯದು ಹೆಣ್ಣಾಗಿದ್ದರೆ, "ಈ ಸಲವಾದರೂ ಗಂಡಾಗಲಿ" ಎಂದು ಹಿರಿಯರು ಅನ್ನುತ್ತಾರೆ. ಬಾಗಿಲಲ್ಲಿ ನಿಂತ ಆ ಹುಡುಗಿ ಅದನ್ನು ಕೇಳುತ್ತಾಳೆ. ತಾನು ಬೇಡವಾದವಳೆಂದು ತಿಳಿಯುತ್ತಾಳೆ. ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ತಂದೆಯ ಬೀಜ. ತಾಯಿಯನ್ನು ಜರೆಯುವುದು ನ್ಯಾಯವಲ್ಲ. ಹುಟ್ಟುವ ಮೊದಲೇ ಲಿಂಗ ಪರೀಕ್ಷಿಸುವುದು 1994ರ ಕಾಯಿದೆಯಂತೆ ಅಪರಾಧ. ಎರಡನೆಯ ಕೂಸು ಹೆಣ್ಣಾದರೆ, 2022ರಿಂದ ಮಾತೃ ವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ 6,000 ರೂಪಾಯಿ ಇದೆ. ಅಂಗನವಾಡಿಯಲ್ಲಿ ವಿಚಾರಿಸಿರಿ. ಆದರೆ ಹಣಕ್ಕಿಂತ ಮೊದಲು ಮನೆಯವರ ಬಾಯಿಂದ ಒಳ್ಳೆಯ ಮಾತು ಬರಲಿ.

ಇಂದು ರಾತ್ರಿ ಊಟವಾದ ಮೇಲೆ ಗಂಡ ಹೆಂಡತಿ, ಅತ್ತೆ ಮಾವ ಕೂಡಿ ಕುಳಿತು ಇಷ್ಟನ್ನು ಮಾತಾಡಿರಿ. ಮೊದಲ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡೇ ಮಾತಾಡಿರಿ.