ಮಾದರಿ ಕಾರುಗಳ ಹವ್ಯಾಸ: ಏರುವ ಬೆಲೆ, ಉಳಿಸುವ ಬಗೆ

ಹವ್ಯಾಸಗಳ ಮಾತು ಬಂದಾಗ ನಾವು ಸಾಮಾನ್ಯವಾಗಿ ಅಂಚೆಚೀಟಿ ಸಂಗ್ರಹ, ಚಿತ್ರಕಲೆ, ಛಾಯಾಗ್ರಹಣ ಮುಂತಾದವುಗಳನ್ನು ಹೆಸರಿಸುತ್ತೇವೆ. ಇಂದು ನಾವು ವಿಚಾರ ಮಾಡಬೇಕೆಂದಿರುವುದು ಅಷ್ಟೊಂದು ಪ್ರಚಾರವಿಲ್ಲದ, ಆದರೆ ನಿಮ್ಮಲ್ಲಿ ಕೆಲವರಿಗಾದರೂ ಅಚ್ಚುಮೆಚ್ಚಾಗಿರುವ ಒಂದು ಹವ್ಯಾಸವನ್ನು ಕುರಿತು. ನಿಜವಾದ ಕಾರನ್ನು ಅಳತೆ ತಪ್ಪದಂತೆ ಚಿಕ್ಕದು ಮಾಡಿ, ಬಿಡಿಭಾಗಗಳನ್ನು ಕೈಯಾರೆ ಜೋಡಿಸಿ, ಬಣ್ಣ ಬಳಿದು ನಿಲ್ಲಿಸುವ ಹವ್ಯಾಸ ಅದು. ಇದರಲ್ಲಿ ತೊಡಗಿದವರ ದೊಡ್ಡ ದೂರು ಒಂದೇ: ಬೆಲೆ. ಕಿಟ್ಟಿನ ಬೆಲೆ, ಬಣ್ಣದ ಬೆಲೆ, ಅಂಟಿನ ಬೆಲೆ ಎಲ್ಲವೂ ಏರುತ್ತಿವೆ. ಅಪ್ಪ ಅಮ್ಮ ಕೊಡುವ ಕೈಖರ್ಚಿನಲ್ಲಿ ಇದು ಸಾಧ್ಯವೇ? ಅಥವಾ ಇದು ಇನ್ನು ಮುಂದೆ ಉಳ್ಳವರ ಮನೆಯ ಮಕ್ಕಳಿಗೆ ಮಾತ್ರವೇ? ಈ ಪ್ರಶ್ನೆಗೆ ಉತ್ತರ ಹುಡುಕೋಣ.

ಮೊದಲಿಗೆ, ಈ ಹವ್ಯಾಸ ಹುಟ್ಟಿದ್ದು ಹೇಗೆಂಬುದನ್ನು ಸ್ವಲ್ಪ ನೋಡೋಣ. ಬ್ರಿಟನ್ನಿನ ಏರ್‌ಫಿಕ್ಸ್ ಎಂಬ ಕಂಪೆನಿ ಎರಡನೆಯ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಬಾಚಣಿಗೆಗಳನ್ನು ತಯಾರಿಸುತ್ತಿತ್ತು. 1940ರ ದಶಕದ ಕೊನೆಯಲ್ಲಿ ಫರ್ಗುಸನ್ ಟ್ರ್ಯಾಕ್ಟರಿನ ಪುಟ್ಟ ಮಾದರಿಯೊಂದನ್ನು, ಆ ಟ್ರ್ಯಾಕ್ಟರಿನ ಪ್ರಚಾರಕ್ಕಾಗಿ ಅದು ಮಾಡಿಕೊಟ್ಟಿತು. ಜೋಡಿಸುವ ಕೂಲಿ ಉಳಿಯಲೆಂದು ಅದನ್ನೇ ಬಿಡಿಭಾಗಗಳಾಗಿ ಮಾರಲಾಯಿತು. 1950ರ ದಶಕದ ಆರಂಭದಲ್ಲಿ ‘ಗೋಲ್ಡನ್ ಹೈಂಡ್’ ಎಂಬ ಹಡಗಿನ ಕಿಟ್ ಹೊರಬಂತು. ವುಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲಿಂಗಿಗೆ ಅದನ್ನು ಮಾರಬೇಕಿತ್ತು. ಆ ಬೆಲೆಗೆ ರಟ್ಟಿನ ಪೆಟ್ಟಿಗೆ ಗಿಟ್ಟುವುದಿಲ್ಲವೆಂದು ಭಾಗಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಮಡಿಸಿದ ಒಂದು ಕಾಗದದ ಹಿಂಬದಿಯಲ್ಲೇ ಜೋಡಣೆಯ ಸೂಚನೆಗಳನ್ನು ಅಚ್ಚುಹಾಕಿದರು. ಅಂದರೆ ಈ ಹವ್ಯಾಸ ಹುಟ್ಟಿದ್ದೇ ಉಳಿತಾಯದ ಯೋಚನೆಯಿಂದ. ಇದನ್ನು ನೆನಪಿನಲ್ಲಿಡಿ.

ಹಾಗಾದರೆ ಇಂದು ಬೆಲೆ ಏಕೆ ಏರಿದೆ? ಕಿಟ್ಟಿನಲ್ಲಿರುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಬೆಲೆ ಅತಿ ಕಡಿಮೆ. ನಾವು ಹಣ ಕೊಡುವುದು ಮುಖ್ಯವಾಗಿ ಅಚ್ಚಿಗೆ. ಉಕ್ಕಿನ ಅಚ್ಚನ್ನು ಅತ್ಯಂತ ಸೂಕ್ಷ್ಮವಾಗಿ ಕೊರೆದು, ಅದರೊಳಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ತುಂಬಿ ಭಾಗಗಳನ್ನು ತೆಗೆಯುತ್ತಾರೆ. ಲೆಕ್ಕಕ್ಕೆಂದು ಒಂದು ಅಚ್ಚಿಗೆ 40 ಲಕ್ಷ ರೂಪಾಯಿ ಎನ್ನೋಣ. 20,000 ಕಿಟ್‌ಗಳು ಮಾರಾಟವಾದರೆ ಒಂದೊಂದರ ಮೇಲೆ ಬೀಳುವ ಅಚ್ಚಿನ ಖರ್ಚು 200 ರೂಪಾಯಿ. ಕೇವಲ 4,000 ಮಾರಾಟವಾದರೆ ಅದೇ ಖರ್ಚು 1,000 ರೂಪಾಯಿ. ಕೊಳ್ಳುವವರು ಕಡಿಮೆಯಾದಷ್ಟೂ ಕೊಳ್ಳುವವನ ಹೊರೆ ಹೆಚ್ಚುತ್ತದೆ. ಇದರ ಜೊತೆಗೆ ನಿಜವಾದ ಕಾರಿನ ಹೆಸರನ್ನೂ ಚಿಹ್ನೆಯನ್ನೂ ಬಳಸಲು ಕಾರಿನ ಕಂಪೆನಿಗೆ ಕೊಡಬೇಕಾದ ಶುಲ್ಕ ಬೇರೆ.

ನಮ್ಮ ದೇಶದ ಹವ್ಯಾಸಿಗೆ ಇನ್ನೆರಡು ಕಾರಣಗಳು ಸೇರುತ್ತವೆ. ಒಳ್ಳೆಯ ಕಿಟ್‌ಗಳಲ್ಲಿ ಬಹುಪಾಲು ಜಪಾನ್, ಅಮೆರಿಕ, ಯೂರೋಪುಗಳ ಕಂಪೆನಿಗಳವು. 1993ರಲ್ಲಿ ಒಂದು ಡಾಲರಿಗೆ ಸುಮಾರು 31 ರೂಪಾಯಿ ಇತ್ತು. 2024ರಲ್ಲಿ ಅದು 83 ರೂಪಾಯಿಯನ್ನು ದಾಟಿತ್ತು. ಹೊರದೇಶದಲ್ಲಿ ಬೆಲೆ ಒಂದು ಪೈಸೆ ಏರದಿದ್ದರೂ, 20 ಡಾಲರಿನ ಕಿಟ್ ನಮಗೆ 620 ರೂಪಾಯಿಯಿಂದ 1,660 ರೂಪಾಯಿಗೆ ಏರಿದಂತಾಯಿತು. ಎರಡನೆಯದು ಆಮದು ಸುಂಕ. ಸುಂಕದ ಪಟ್ಟಿಯಲ್ಲಿ ಆಟಿಕೆಗಳೂ ಅಳತೆಯ ಮಾದರಿಗಳೂ ಒಂದೇ ತಲೆಬರಹದ ಕೆಳಗೆ ಬರುತ್ತವೆ. ಈ ಸುಂಕವನ್ನು 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ ಶೇಕಡಾ 70ಕ್ಕೆ ಏರಿಸಲಾಯಿತು. ದೇಶದೊಳಗಿನ ಆಟಿಕೆ ಉದ್ಯಮಕ್ಕೆ ಆಸರೆಯಾಗಲೆಂಬುದು ಇದರ ಉದ್ದೇಶ. ಆದರೆ 1,000 ರೂಪಾಯಿಯ ಕಿಟ್ಟಿಗೆ 200 ರೂಪಾಯಿ ಸುಂಕ ಕೊಡುವುದಕ್ಕೂ 700 ರೂಪಾಯಿ ಕೊಡುವುದಕ್ಕೂ ಇರುವ ವ್ಯತ್ಯಾಸ ಹವ್ಯಾಸಿಯ ಕಿಸೆಗೆ ತಿಳಿಯದೆ ಇರದು.

ಕಾರಣಗಳು ತಿಳಿದವು. ಡಾಲರಿನ ಬೆಲೆಯೂ ಸುಂಕವೂ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದನ್ನು ಈಗ ಒಂದೊಂದಾಗಿ ನೋಡೋಣ.

ಮೊದಲನೆಯದಾಗಿ, ಲೆಕ್ಕ ಬರೆಯುವ ಅಭ್ಯಾಸ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಮಾಡಿ. ಕೊಂಡ ವಸ್ತು, ಕೊಟ್ಟ ಹಣ, ಅದರಿಂದ ಕೆಲಸ ಮಾಡಿದ ಗಂಟೆಗಳು. 900 ರೂಪಾಯಿಯ ಕಿಟ್ಟಿನ ಮೇಲೆ ನೀವು 30 ಗಂಟೆ ಕೆಲಸ ಮಾಡಿದರೆ ಗಂಟೆಗೆ 30 ರೂಪಾಯಿ ಬಿತ್ತು. ಅದೇ ಕಿಟ್ಟನ್ನು ಅವಸರದಿಂದ 6 ಗಂಟೆಯಲ್ಲಿ ಮುಗಿಸಿದರೆ ಗಂಟೆಗೆ 150 ರೂಪಾಯಿ. ಕಿಟ್ ಒಂದೇ, ಬೆಲೆಯೂ ಒಂದೇ. ತಾಳ್ಮೆ ಇದ್ದವನಿಗೆ ಅದು ಅಗ್ಗ, ಆತುರಗಾರನಿಗೆ ದುಬಾರಿ. ಈ ಹವ್ಯಾಸದಲ್ಲಿ ಹಣ ಪೋಲಾಗುವುದು ಹೆಚ್ಚಾಗಿ ಕಟ್ಟುವುದರಿಂದಲ್ಲ, ಕೊಂಡು ಕಪಾಟಿನಲ್ಲಿ ತುಂಬಿಡುವುದರಿಂದ. ಆದ್ದರಿಂದ ಒಂದು ನಿಯಮ ಇಟ್ಟುಕೊಳ್ಳಿ: ಕೈಯಲ್ಲಿರುವುದು ಮುಗಿಯುವವರೆಗೆ ಇನ್ನೊಂದನ್ನು ಕೊಳ್ಳುವುದಿಲ್ಲ. ಸಾಲ ಮಾಡಿ, ಅಥವಾ ಫೀಸಿಗೆಂದು ಮನೆಯವರು ಕೊಟ್ಟ ಹಣದಲ್ಲಿ ಒಂದು ಕಿಟ್ಟನ್ನೂ ಕೊಳ್ಳುವುದಿಲ್ಲ. ಹವ್ಯಾಸ ಮನಸ್ಸಿಗೆ ನೆಮ್ಮದಿ ಕೊಡಬೇಕೇ ಹೊರತು ಮುಚ್ಚಿಡುವ ಗುಟ್ಟಾಗಬಾರದು.

ಎರಡನೆಯದಾಗಿ, ಪ್ರಮಾಣದ ಆಯ್ಕೆ. 1:24 ಎಂದರೆ ನಿಜವಾದ ಕಾರಿನ 24 ಮಿಲಿಮೀಟರು ಮಾದರಿಯಲ್ಲಿ 1 ಮಿಲಿಮೀಟರು ಎಂದರ್ಥ. ಇಂಚಿನ ಲೆಕ್ಕದಲ್ಲಿ ಒಂದು ಅಡಿಗೆ ಅರ್ಧ ಇಂಚು. 1:12ರ ಮಾದರಿಗೆ ಹೋಲಿಸಿದರೆ 1:24ರ ಮಾದರಿಯ ಉದ್ದ ಅರ್ಧ. ಆದರೆ ಮೇಲ್ಮೈ ಕಾಲುಭಾಗ, ಗಾತ್ರ ಎಂಟನೆಯ ಒಂದು ಭಾಗ. ಆದ್ದರಿಂದ ಬಣ್ಣ ಕಾಲುಭಾಗ ಸಾಕು. ಕಪಾಟಿನಲ್ಲಿ ಹಿಡಿಯುವ ಜಾಗವೂ ಅಷ್ಟೇ ಕಡಿಮೆ. ಗಣಿತದ ತರಗತಿಯಲ್ಲಿ ಕಲಿತ ವರ್ಗ ಮತ್ತು ಘನಗಳು ಇಲ್ಲಿ ನಿಮ್ಮ ಹಣ ಉಳಿಸುತ್ತವೆ.

ಮೂರನೆಯದಾಗಿ, ಉಪಕರಣಗಳು. ಅಂಗಡಿಯಲ್ಲಿ ಹತ್ತಾರು ಬಗೆಯ ಸಾಧನಗಳನ್ನು ತೋರಿಸುತ್ತಾರೆ. ಆರಂಭಕ್ಕೆ ಬೇಕಾದವು ಐದಾರು ಮಾತ್ರ. ಹರಿತವಾದ ಒಂದು ಕಟ್ಟರ್ ಚಾಕು, ಉಕ್ಕಿನ ಅಳತೆಪಟ್ಟಿ, ಒಂದು ಚಿಮಟ, ಬೇರೆ ಬೇರೆ ನಂಬರಿನ ವಾಟರ್ ಪೇಪರ್, ಎರಡು ಬ್ರಷ್ಷು. ಭಾಗಗಳನ್ನು ಚೌಕಟ್ಟಿನಿಂದ ಬಿಡಿಸಲು ಉಗುರು ಕತ್ತರಿಸುವ ನೇಲ್‌ಕಟರ್ ಸಾಕಾಗುತ್ತದೆ. ಅಂಟು ಒಣಗುವವರೆಗೆ ಹಿಡಿದಿಡಲು ಬಟ್ಟೆ ಒಣಹಾಕುವ ಕ್ಲಿಪ್ಪು, ರಬ್ಬರ್ ಬ್ಯಾಂಡು ಸಾಕು.

ಭಾಗಗಳನ್ನು ಬಿಡಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟನ್ನು ಹಲವರು ಎಸೆದುಬಿಡುತ್ತಾರೆ. ಎಸೆಯಬೇಡಿ. ಅದರ ಒಂದು ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಗೆ ತಾಗಿಸದೆ, ತುಸು ಮೇಲೆ ತಿರುಗಿಸುತ್ತಾ ಹಿಡಿಯಿರಿ. ಮೆತ್ತಗಾದೊಡನೆ ಆಚೆ ಸರಿಸಿ ನಿಧಾನವಾಗಿ ಎರಡೂ ಕಡೆ ಎಳೆದರೆ ಕೂದಲಿನಷ್ಟು ತೆಳುವಾದ ಎಳೆ ಸಿಗುತ್ತದೆ. ಕಾರಿನ ಆಂಟೆನಾ, ವೈಪರ್, ಎಂಜಿನ್ನಿನ ತಂತಿಗಳಿಗೆ ಇದೇ ಸಾಕು. ಅದೇ ಚೌಕಟ್ಟಿನ ಚೂರುಗಳನ್ನು ಸ್ವಲ್ಪ ದ್ರವರೂಪದ ಪ್ಲಾಸ್ಟಿಕ್ ಅಂಟಿನಲ್ಲಿ ಹಾಕಿಟ್ಟರೆ ಕರಗಿ ಗಟ್ಟಿ ಪಾಕವಾಗುತ್ತದೆ. ಬಿರುಕು ತುಂಬಲು ಅದಕ್ಕಿಂತ ಒಳ್ಳೆಯ ಲಪ್ಪ ಬೇಕಿಲ್ಲ. ಹೊಸ ಬಣ್ಣವನ್ನು ಮೊದಲು ಪರೀಕ್ಷಿಸಿ ನೋಡಲೂ ಈ ಚೌಕಟ್ಟೇ ಉಪಯೋಗಕ್ಕೆ ಬರುತ್ತದೆ. ಬಂಪರಿಗೆ ಹೊಳಪು ಬೇಕಾದರೆ ಚಾಕೊಲೇಟಿನ ತೆಳುವಾದ ಬೆಳ್ಳಿ ಕಾಗದವನ್ನು ಅಂಟಿಸಿ ಹತ್ತಿಯಿಂದ ಒತ್ತಿ ಉಜ್ಜಿ.

ನಾಲ್ಕನೆಯದಾಗಿ, ಬಣ್ಣ. ಪ್ರತಿಯೊಂದು ಛಾಯೆಗೂ ಒಂದೊಂದು ಸೀಸೆ ಕೊಳ್ಳುವ ಅಗತ್ಯವಿಲ್ಲ. ಕೆಂಪು, ಹಳದಿ, ನೀಲಿ, ಕಪ್ಪು, ಬಿಳಿ ಈ ಐದರಿಂದ ಬೇಕಾದ ಬಹುಪಾಲು ಬಣ್ಣಗಳನ್ನು ಬೆರೆಸಿಕೊಳ್ಳಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 50 ಮಿಲಿಲೀಟರಿನ ಎನಾಮಲ್ ಡಬ್ಬಿಯನ್ನು ತಿನ್ನರಿನಿಂದ ತೆಳುವಾಗಿಸಿ, ತೆಳುವಾದ ಎರಡು ಮೂರು ಲೇಪ ಕೊಟ್ಟರೆ ಚೆನ್ನಾಗಿಯೇ ಕೂರುತ್ತದೆ. ಒಂದು ಲೇಪ ಪೂರ್ತಿ ಒಣಗದೆ ಇನ್ನೊಂದನ್ನು ಬಳಿಯಬೇಡಿ. ನಾಲ್ವರು ಗೆಳೆಯರು ಸೇರಿ ಒಂದು ಬಣ್ಣದ ಪೆಟ್ಟಿಗೆ ಮಾಡಿಕೊಂಡರೆ ಖರ್ಚು ನಾಲ್ಕು ಪಾಲಾಗುತ್ತದೆ. ಒಬ್ಬನ ಮನೆಯಲ್ಲಿ ಬಣ್ಣ ಒಣಗಿ ಹಾಳಾಗುವುದೂ ತಪ್ಪುತ್ತದೆ.

ಉಳಿಸಬಾರದ ಕಡೆ ಉಳಿಸಬೇಡಿ ಎಂಬ ಮಾತನ್ನೂ ಇಲ್ಲಿಯೇ ಹೇಳಬೇಕು. ಮೊಂಡಾದ ಅಲಗು ಜಾರಿ ಬೆರಳನ್ನು ಕೊಯ್ಯುತ್ತದೆ. ಅಲಗನ್ನು ಆಗಾಗ ಬದಲಿಸಿ, ಕೊಯ್ಯುವಾಗ ಮೈಯಿಂದ ಆಚೆಗೆ ಕೊಯ್ಯಿರಿ. ತಿನ್ನರಿನ, ಅಂಟಿನ ಕೆಲಸವನ್ನು ಕಿಟಕಿ ತೆರೆದು, ಒಲೆ ಮತ್ತು ದೀಪದಿಂದ ದೂರದಲ್ಲಿ ಮಾಡಿ. ಉಗುರುಬಣ್ಣ ಅಳಿಸುವ ಅಸಿಟೋನಿನಿಂದ ಮಾದರಿಯನ್ನು ಒರೆಸಬೇಡಿ. ಅದು ಪಾಲಿಸ್ಟೈರೀನನ್ನೇ ಕರಗಿಸಿಬಿಡುತ್ತದೆ. ಮೂಲ ಕಿಟ್ಟಿನಿಂದ ಕದ್ದು ಅಚ್ಚು ತೆಗೆದ ನಕಲಿ ಕಿಟ್‌ಗಳು ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಅವುಗಳ ಭಾಗಗಳು ಅನೇಕ ವೇಳೆ ಕೂಡುವುದಿಲ್ಲ, ಮೇಲಾಗಿ ಅದು ಇನ್ನೊಬ್ಬರ ಶ್ರಮದ ಕಳವು.

ಇಷ್ಟೆಲ್ಲ ಮಾಡಿದರೂ ಕಿಟ್ ಕೊಳ್ಳುವಷ್ಟು ಹಣವೇ ಇಲ್ಲವೆಂದರೆ? ಆಗ ಕಿಟ್ಟೇ ಇಲ್ಲದೆ ಕಟ್ಟಬೇಕು. ಈ ಹವ್ಯಾಸದ ನಿಜವಾದ ಆನಂದ ಅಲ್ಲಿಯೇ ಇದೆ. ಉದಾಹರಣೆಗೆ ನಮ್ಮ ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ವಿದ್ಯುತ್ ಕಾರು ‘ರೇವಾ’ವನ್ನು ತೆಗೆದುಕೊಳ್ಳೋಣ. ಅದರ ಉದ್ದ 2,638 ಮಿಲಿಮೀಟರು, ಅಗಲ 1,324, ಎತ್ತರ 1,510. ಪ್ರತಿಯೊಂದನ್ನೂ 24ರಿಂದ ಭಾಗಿಸಿ. ಮಾದರಿಯ ಉದ್ದ 110 ಮಿಲಿಮೀಟರು, ಅಗಲ 55, ಎತ್ತರ 63 ಎಂದು ಬರುತ್ತದೆ. ಅಂಗೈಯಲ್ಲಿ ಕೂರುವ ಗಾತ್ರ! ಕಾರಿನ ಪಕ್ಕದ, ಎದುರಿನ, ಹಿಂದಿನ ಚಿತ್ರಗಳನ್ನು ಇದೇ ಅಳತೆಗೆ ಗ್ರಾಫ್ ಕಾಗದದ ಮೇಲೆ ಬರೆದುಕೊಳ್ಳಿ. ಅವನ್ನು ದಪ್ಪ ರಟ್ಟಿಗೆ ಅಂಟಿಸಿ ಕತ್ತರಿಸಿ, ಒಳಗೆ ಅಡ್ಡಪಟ್ಟಿಗಳನ್ನಿಟ್ಟು ನಿಲ್ಲಿಸಿ. ಕಿಟಕಿಗೆ ಸಿಹಿತಿಂಡಿ ಪೆಟ್ಟಿಗೆಯ ಪಾರದರ್ಶಕ ಹಾಳೆ ಸಾಕು.

ಚಕ್ರ ಎಷ್ಟಿರಬೇಕು? ಬೀದಿಯಲ್ಲಿ ನಿಂತ ಕಾರಿನ ಟಯರನ್ನು ನೋಡಿ. 145/70 ಆರ್ 13 ಎಂದು ಬರೆದಿದೆ ಎನ್ನೋಣ. 145 ಎಂಬುದು ಟಯರಿನ ಅಗಲ, ಮಿಲಿಮೀಟರಿನಲ್ಲಿ. ಅದರ ಪಕ್ಕದ ಎತ್ತರ ಅಗಲದ ಶೇಕಡಾ 70, ಎಂದರೆ 101.5 ಮಿಲಿಮೀಟರು. 13 ಎಂಬುದು ಒಳಗಿನ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಅದು 330 ಮಿಲಿಮೀಟರು. ಮೇಲೆ ಕೆಳಗೆ ಟಯರಿನ ಎತ್ತರ ಸೇರಿಸಿದರೆ ಒಟ್ಟು 533. ಅದನ್ನು 24ರಿಂದ ಭಾಗಿಸಿದರೆ 22 ಮಿಲಿಮೀಟರು. ದುಂಡಗೆ ಕತ್ತರಿಸಿದ ರಟ್ಟಿನ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ ಉಜ್ಜಿ ಚಕ್ರ ಮಾಡಬಹುದು, ಕೋಟಿನ ದೊಡ್ಡ ಗುಂಡಿಗಳನ್ನೂ ಬಳಸಬಹುದು. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಕೊಡುವ ಚನ್ನಪಟ್ಟಣದ ಕುಶಲಕರ್ಮಿಗಳ ಆಟಿಕೆ ಬಂಡಿಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಚಕ್ರದ ದುಂಡು, ಅಚ್ಚಿನ ನೇರ ಹೇಗಿರಬೇಕೆಂಬುದಕ್ಕೆ ಅದಕ್ಕಿಂತ ಬೇರೆ ಪಾಠ ಬೇಡ.

ಕೈಯಿಂದ ಕಟ್ಟಿದ್ದು ಕಿಟ್ಟಿನ ಮುಂದೆ ಕಳಪೆಯಾಗಿ ಕಾಣುವುದಿಲ್ಲವೇ ಎಂದು ನೀವು ಕೇಳಬಹುದು. ಅಮೆರಿಕದಲ್ಲಿ ನಡೆದ ಒಂದು ಸಂಗತಿ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಜನರಲ್ ಮೋಟರ್ಸ್ ಕಂಪೆನಿಯ ಅಂಗವಾದ ಫಿಷರ್ ಬಾಡಿ ಸಂಸ್ಥೆ 1930ರಿಂದ 1968ರವರೆಗೆ ಹದಿಹರೆಯದ ಹುಡುಗರಿಗಾಗಿ ಮಾದರಿ ತಯಾರಿಕೆಯ ಸ್ಪರ್ಧೆ ನಡೆಸಿತು. ಅದರ ಕಾರಿನ ವಿಭಾಗದಲ್ಲಿ ಸ್ಪರ್ಧಿಗಳು ತಾವೇ ಕಲ್ಪಿಸಿದ ಕಾರನ್ನು 1:12ರ ಪ್ರಮಾಣದಲ್ಲಿ ಕೈಯಿಂದಲೇ ಮಾಡಬೇಕಿತ್ತು. ಕಾರಿನ ಸಿದ್ಧ ಕಿಟ್‌ಗಳಿಗೆ ಅಲ್ಲಿ ಸ್ಥಾನವಿರಲಿಲ್ಲ. ಗೆದ್ದವರಿಗೆ ಕಾಲೇಜು ವಿದ್ಯಾಭ್ಯಾಸಕ್ಕೆ ವಿದ್ಯಾರ್ಥಿವೇತನ. 1947ರಲ್ಲಿ ಚಕ್ ಜೋರ್ಡನ್ ಎಂಬ ವಿದ್ಯಾರ್ಥಿ 4,000 ಡಾಲರ್ ವಿದ್ಯಾರ್ಥಿವೇತನ ಗೆದ್ದ. ಮುಂದೆ ಅದೇ ಜನರಲ್ ಮೋಟರ್ಸ್ ಸೇರಿ, 1986ರಲ್ಲಿ ಅದರ ವಿನ್ಯಾಸ ವಿಭಾಗದ ಉಪಾಧ್ಯಕ್ಷರಾದರು. ಆ ಸ್ಪರ್ಧೆ ಹುಡುಗರಿಗಷ್ಟೇ ಮೀಸಲಾಗಿತ್ತು. ಇಂದು ಅಂಥ ಕಟ್ಟಳೆಗೆ ಅರ್ಥವಿಲ್ಲ. ಅಳತೆ ಹಿಡಿಯುವ ಕಣ್ಣು, ತಾಳ್ಮೆಯ ಬೆರಳು ಹುಡುಗಿಯರಿಗೂ ಹುಡುಗರಷ್ಟೇ ಇದೆ.

ಹಾಗೆಂದು ಕಿಟ್ ಕೊಳ್ಳುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೆ ಒಂದು ಒಳ್ಳೆಯ ಕಿಟ್, ಉಳಿದ ತಿಂಗಳುಗಳಲ್ಲಿ ರಟ್ಟಿನ, ಮರದ ಕೆಲಸ ಎಂದು ಯೋಜನೆ ಹಾಕಿಕೊಳ್ಳಿ. ಅಲ್ಲಿ ಕಲಿತದ್ದು ಇಲ್ಲಿಗೆ, ಇಲ್ಲಿ ಕಲಿತದ್ದು ಅಲ್ಲಿಗೆ ನೆರವಾಗುತ್ತದೆ. ನಿಮ್ಮ ಶಾಲೆ ಕಾಲೇಜಿನಲ್ಲಿ ಐದಾರು ಮಂದಿ ಸೇರಿ ಒಂದು ಪುಟ್ಟ ಸಂಘ ಮಾಡಿಕೊಳ್ಳಿ. ಕರಕುಶಲದ ಕೋಣೆಯನ್ನು ವಾರಕ್ಕೊಂದು ಸಂಜೆ ಬಳಸಲು ಅಧ್ಯಾಪಕರ ಅನುಮತಿ ಕೇಳಿ. ಒಬ್ಬರು ಕಟ್ಟಿ ಮುಗಿಸಿದ ಕಿಟ್ಟಿನ ಉಳಿದ ಭಾಗಗಳು ಇನ್ನೊಬ್ಬರ ಕಾರಿಗೆ ಆಸರೆಯಾಗಲಿ. ಮುಗಿದ ಮಾದರಿಗಳನ್ನು ವಾರ್ಷಿಕೋತ್ಸವದಲ್ಲೋ ವಿಜ್ಞಾನ ಪ್ರದರ್ಶನದಲ್ಲೋ ಇಡಿ. ಪ್ರತಿಯೊಂದರ ಪಕ್ಕದಲ್ಲೂ ಅದರ ಪ್ರಮಾಣದ ಜೊತೆಗೆ ತಗಲಿದ ಖರ್ಚನ್ನೂ ಬರೆದಿಡಿ. ನೋಡಲು ಬಂದ ಬಡವರ ಮನೆಯ ಮಗುವಿಗೂ ‘ಇದನ್ನು ನಾನೂ ಮಾಡಬಲ್ಲೆ’ ಎನ್ನಿಸಬೇಕು.

ಬೆಲೆ ಏರಬಹುದು, ಇಳಿಯಬಹುದು. ಅಳೆಯಲು, ಕತ್ತರಿಸಲು, ಕೂಡಿಸಲು ಒಮ್ಮೆ ಕಲಿತ ಕೈಗೆ ಮಾತ್ರ ಯಾರೂ ಸುಂಕ ಹಾಕಲಾರರು. ಈ ವಾರ ಒಂದು ಅಳತೆಪಟ್ಟಿ ಹಿಡಿದು, ಮಾಲೀಕರ ಅನುಮತಿ ಪಡೆದು, ನಿಮ್ಮ ಬೀದಿಯ ಒಂದು ಕಾರನ್ನು ಅಳೆದು ಬನ್ನಿ. ಉಳಿದದ್ದು ತಾನಾಗಿಯೇ ಮುಂದುವರಿಯುತ್ತದೆ.